ಒಂದು ರನ್ನಿನ ಆಟದಲ್ಲಿ ಚಾಚಿದ ಕೈ

ಚೆಂಡು ನೇರವಾಗಿ ನಮ್ಮ ಕಡೆಗೇ ಬರುತ್ತಿದ್ದರೆ ಅದು ಚಲಿಸುತ್ತಿರುವಂತೆ ಕಾಣುವುದಿಲ್ಲ. ಎಡಕ್ಕೂ ಸರಿಯುವುದಿಲ್ಲ, ಬಲಕ್ಕೂ ಸರಿಯುವುದಿಲ್ಲ. ಒಂದೇ ಜಾಗದಲ್ಲಿ ನಿಂತುಕೊಂಡು ದೊಡ್ಡದಾಗುತ್ತದೆ, ಅಷ್ಟೆ. ಧಾರವಾಡದಲ್ಲಿ ಬಿ.ಎಸ್ಸಿ. ಓದುವಾಗ ಇದನ್ನು ಯಾರಾದರೂ ಕಲಿಸಿದ್ದರೋ ಇಲ್ಲವೋ ನೆನಪಿಲ್ಲ. ನನಗೆ ಇದು ಗೊತ್ತಾದದ್ದು ಅಮೆರಿಕದ ಒಂದು ಬೇಸ್‌ಬಾಲ್ ಮೈದಾನದಲ್ಲಿ, ಮಧ್ಯಾಹ್ನದ ಬಿಸಿಲಲ್ಲಿ, ಕಾಗದದ ತಟ್ಟೆಯಲ್ಲಿ ಚುರುಮುರಿ ಹಿಡಿದುಕೊಂಡು ಕೂತಿದ್ದಾಗ. ಬಿಳಿ ಚುಕ್ಕೆ ನಿಂಬೆಹಣ್ಣಾಯಿತು, ಮೋಸಂಬಿಯಾಯಿತು. ಆಮೇಲೆ ನನ್ನ ಪಕ್ಕದ ಕುರ್ಚಿಯ ಬೆನ್ನು ಒಡೆದ ಸದ್ದು.

ಅದಾಗಿ ದಶಕಗಳೇ ಕಳೆದಿವೆ. ನಾವಿರುವುದು ಲಂಡನ್ನಿನ ಕ್ವೀನ್ಸ್‌ಬರಿಯಲ್ಲಿ. ಈಗಲೂ ಸ್ಟೇಷನ್ನಿನ ಬಾಗಿಲಲ್ಲಿ ಪಾರಿವಾಳ ರೆಕ್ಕೆ ಬಡಿದು ಎದ್ದರೆ ನನ್ನ ತಲೆ ತಾನಾಗಿ ಕೆಳಗೆ ಹೋಗುತ್ತದೆ. ಪಾರ್ಕಿನಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿದ್ದರೆ ಬೇಲಿಯ ಹೊರಗಿನ ದಾರಿ ಹಿಡಿಯುತ್ತೇನೆ. ಟ್ಯೂಬ್ ರೈಲಿನಲ್ಲಿ ಯಾರದಾದರೂ ಬೆನ್ನಚೀಲ ಥಟ್ಟನೆ ತಿರುಗಿದರೆ ಕೈ ಮುಖಕ್ಕೆ ಅಡ್ಡ ಹೋಗುತ್ತದೆ. ಒಂದು ಸಲ ನಮ್ಮ ಜಿಪಿ ಡಾಕ್ಟರ್ ಹತ್ತಿರ ಹೇಳಿಕೊಂಡೆ. ಆಕೆ ಬಹಳ ಒಳ್ಳೆಯವಳು. ‘ಚೆಂಡು ನಿಮಗೆ ತಗುಲಿತೇ?’ ಎಂದು ಕೇಳಿದಳು. ಇಲ್ಲ ಎಂದೆ. ಹಾಗಾದರೆ ಯಾರಿಗೆ ತಗುಲಿತು ಎಂದಳು. ಯಾರಿಗೂ ಇಲ್ಲ ಎಂದೆ. ಅವಳು ಕಂಪ್ಯೂಟರಿನಲ್ಲಿ ಏನೋ ಬರೆದುಕೊಂಡಳು.

ಭಯದ ಬಗ್ಗೆ ಅವಳಿಗೆ ಹೇಳಿದೆ. ಇನ್ನೊಂದನ್ನು ಹೇಳಲಿಲ್ಲ. ಚೆಂಡು ಬಂದ ಆ ಗಳಿಗೆಯಲ್ಲಿ ನನ್ನ ಗಂಡ ‘ವೈನೀ’ ಎಂದು ಕೂಗಿದ್ದರು. ಅವರ ಕೈ ನನ್ನನ್ನು ದಾಟಿ ಆಚೆ ಹೋಗಿತ್ತು.

ವೈನಿ ಎಂದರೆ ಅವರ ಅತ್ತಿಗೆ, ನನ್ನ ಓರಗಿತ್ತಿ. ನಾನು ಆಕೆಯನ್ನು ಅಕ್ಕ ಎಂದೇ ಕರೆಯುವುದು. ಅಕ್ಕ ಮದುವೆಯಾಗಿ ಬಂದಾಗ ನನ್ನ ಗಂಡ ಇನ್ನೂ ಶಾಲೆಗೆ ಹೋಗುತ್ತಿದ್ದರಂತೆ. ಅತ್ತೆ ಹಾಸಿಗೆ ಹಿಡಿದಿದ್ದರಿಂದ ಇವರ ತಲೆ ಬಾಚಿದ್ದು, ಡಬ್ಬಿ ಕಟ್ಟಿದ್ದು, ಜ್ವರ ಬಂದಾಗ ಪಕ್ಕದಲ್ಲಿ ಕೂತದ್ದು ಎಲ್ಲ ಅಕ್ಕನೇ. ಇದೆಲ್ಲ ನನಗೆ ಗೊತ್ತು. ಗೊತ್ತಿದ್ದೂ, ನಾನು ಬದನೆಕಾಯಿ ಎಣ್ಣೆಗಾಯಿ ಮಾಡಿದ ದಿನ ಅವರು ತುತ್ತು ಬಾಯಿಗಿಟ್ಟು ಅಕ್ಕನ ಅಡುಗೆ ನೆನೆದವರ ಹಾಗೆ ಒಂದು ಗಳಿಗೆ ಸುಮ್ಮನಾಗುತ್ತಾರಲ್ಲ, ಆ ಗಳಿಗೆಯನ್ನು ನಾನು ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಸಹಿಸಿಲ್ಲ.

ಅಕ್ಕ ಮತ್ತು ಭಾವ ಇರುವುದು ಸ್ಟ್ಯಾನ್ಮೋರಿನಲ್ಲಿ. ಜುಬಿಲಿ ಲೈನಿನಲ್ಲಿ ಕೂತರೆ ನಮಗೂ ಅವರಿಗೂ ನಡುವೆ ಒಂದೇ ನಿಲ್ದಾಣ. ಆದರೆ ನಮ್ಮದು ಅಂಗಡಿಯ ಮೇಲಿನ ಫ್ಲ್ಯಾಟು, ಕಿಟಕಿ ತೆರೆದರೆ ಮೆಂತ್ಯದ ಕಟ್ಟು, ಹೀರೇಕಾಯಿ, ಬಸ್ಸು. ಅವರದು ಸುತ್ತ ಹುಲ್ಲು ಇರುವ ಬಿಡಿ ಮನೆ. ಅಲ್ಲಿಗೆ ಯಾರೂ ನಡೆದು ಹೋಗುವುದಿಲ್ಲ, ನಾವಿಬ್ಬರನ್ನು ಬಿಟ್ಟು.

ಆಟದ ವಿಷಯ ಹೇಳಬೇಕು. ನಾಲ್ಕು ಜನ ಸೇರಿ ಅಮೆರಿಕ ನೋಡಲು ಹೋಗಿದ್ದೆವು. ಅಕ್ಕನ ಮಗಳು ಆಗ ಕೈಗೂಸು, ಅವಳನ್ನು ಉಳಿದುಕೊಂಡಿದ್ದ ಸ್ನೇಹಿತರ ಮನೆಯಲ್ಲೇ ಬಿಟ್ಟಿದ್ದೆವು. ಆ ಸ್ನೇಹಿತರೇ ಟಿಕೆಟ್ ಕೊಡಿಸಿ, ‘ದೊಡ್ಡ ತಂಡಗಳ ಆಟ, ನೋಡದೆ ಹೋಗಬೇಡಿ’ ಎಂದು ಕಳಿಸಿದ್ದರು. ಕೂರುವಾಗ ನಮ್ಮ ಮನೆಯ ಪದ್ಧತಿಯಂತೆ ಕೂತೆವು. ತಮ್ಮನ ಹೆಂಡತಿ ಭಾವನ ಮಗ್ಗುಲಿಗೆ ಕೂರುವಂತಿಲ್ಲ, ಮೈದುನ ಹೆಂಡತಿಯನ್ನು ಬಿಟ್ಟು ಅತ್ತಿಗೆಗೆ ಅಂಟಿಕೊಂಡು ಕೂರುವಂತಿಲ್ಲ. ಹೀಗಾಗಿ ದಾರಿಯ ಬದಿಗೆ ಭಾವ, ಅವರ ಪಕ್ಕ ಅಕ್ಕ, ಅಕ್ಕನ ಪಕ್ಕ ನಾನು, ನನ್ನ ಈಚೆಗೆ ನನ್ನ ಗಂಡ. ಗಂಡಸರು ಎರಡು ತುದಿಗೆ ಗೋಡೆಯ ಹಾಗೆ, ಹೆಂಗಸರು ನಡುವೆ. ಹಿಂದಿನ ಸಾಲಿನವರು ನಾವು ಎದ್ದು ಕೂತು ಜಾಗ ಬದಲಿಸುವುದನ್ನು ನೋಡಿ ನಕ್ಕರು.

ಆಟದಲ್ಲಿ ಏನೂ ಆಗುತ್ತಿರಲಿಲ್ಲ. ಒಬ್ಬ ಚೆಂಡು ಎಸೆಯುತ್ತಾನೆ, ಇನ್ನೊಬ್ಬ ದಪ್ಪ ಕೋಲು ಬೀಸುತ್ತಾನೆ, ತಪ್ಪುತ್ತದೆ. ಮತ್ತೆ ಎಸೆಯುತ್ತಾನೆ, ಮತ್ತೆ ತಪ್ಪುತ್ತದೆ. ಇನ್ನಿಂಗ್ಸಿನ ಮೇಲೆ ಇನ್ನಿಂಗ್ಸು ಮುಗಿದರೂ ಫಲಕದ ಮೇಲೆ ಸೊನ್ನೆಗಳ ಸಾಲು. ಕೊನೆಗೂ ಎರಡು ತಂಡ ಸೇರಿ ಆ ಮಧ್ಯಾಹ್ನ ಮಾಡಿದ್ದು ಒಂದೇ ಒಂದು ರನ್ನು. ಕ್ರಿಕೆಟ್ ಹುಚ್ಚಿನ ಭಾವನಿಗೆ ಇದು ಅವಮಾನದ ಹಾಗೆ ಕಾಣುತ್ತಿತ್ತು.

“ನಮ್ಮ ಕಾಲೇಜ್ ಟೀಮಿನ ಹನ್ನೊಂದನೇದವ ಇದಕ್ಕಿಂತ ಚಲೋ ಆಡ್ತಿದ್ದ,” ಎಂದರು.

“ಎಸೆಯಾಂವ ಭಾಳ ಚಲೋ ಇದ್ದಾನ ಅಣ್ಣಾ, ಅದಕ್ಕ ರನ್ ಇಲ್ಲ,” ಎಂದರು ನನ್ನವರು.

“ಏನ್ ಚಲೋ? ಟಪ್ಪಾ ಬೀಳಿಸಲಾರದ ಎಸೆಯೋದು ನನಗೂ ಬರ್ತದ.”

ಅಕ್ಕ ಇಬ್ಬರ ಮಾತನ್ನೂ ಕಿವಿಗೆ ಹಾಕಿಕೊಳ್ಳದೆ ಚುರುಮುರಿ ಹಂಚುತ್ತಿದ್ದಳು. ಇನ್ನಷ್ಟು ಉಳ್ಳಾಗಡ್ಡಿ ತೆಗೆಯಲು ಕಾಲಬಳಿಯ ಚೀಲಕ್ಕೆ ಬಗ್ಗಿದಳು. ಅದೇ ಗಳಿಗೆಯಲ್ಲಿ ಕೋಲಿನ ಸದ್ದು ಕೇಳಿತು. ಚೆಂಡು ಮೈದಾನದೊಳಗೆ ಹೋಗದೆ ಅಡ್ಡ ಹಾರಿ ನಮ್ಮ ಕಡೆ ಬಂತು. ಸುತ್ತಲಿನವರೆಲ್ಲ ಏನೋ ಕೂಗಿದರು. ನಾನು ಅಲುಗಲಿಲ್ಲ. ನೋಡುತ್ತಾ ಕೂತೆ, ಅದು ದೊಡ್ಡದಾಗುವುದನ್ನು. ‘ವೈನೀ’ ಎಂಬ ಕೂಗು, ನನ್ನ ಕತ್ತಿನ ಕೆಳಗೆ ಅಡ್ಡ ಹಾದ ಅಂಗಿಯ ತೋಳು, ಪಕ್ಕದ ಕುರ್ಚಿ ಒಡೆದ ಸದ್ದು, ಎಲ್ಲ ಒಟ್ಟಿಗೇ. ಅಕ್ಕ ಬಗ್ಗಿರದಿದ್ದರೆ ಅವಳ ಮುಖ ಇರುತ್ತಿದ್ದ ಜಾಗದಲ್ಲಿ ಪ್ಲಾಸ್ಟಿಕ್ಕು ಸೀಳಿತ್ತು.

ಅವಳಿಗೆ ಏನೂ ಕಾಣಲಿಲ್ಲ. ಕಂಡದ್ದೆಲ್ಲ ನನಗೆ.

ಚೆಂಡು ಉರುಳಿ ದಾರಿಗೆ ಬಂತು. ಭಾವ ಅದನ್ನು ಎತ್ತಿಕೊಂಡರು. ತಿರುಗಿಸಿ ನೋಡಿದರು. ಪ್ಯಾಂಟಿಗೆ ಉಜ್ಜಿ, ಎದ್ದು ನಿಂತು, ಬೌಂಡರಿಯಿಂದ ವಿಕೆಟ್ ಕೀಪರಿಗೆ ಎಸೆಯುವ ಹಾಗೆ ಭುಜ ತಿರುಗಿಸಿ ಮೈದಾನದೊಳಕ್ಕೆ ಎಸೆದುಬಿಟ್ಟರು. ಆ ದೇಶದಲ್ಲಿ ಹಾಗೆ ಬಂದ ಚೆಂಡನ್ನು ಸಿಕ್ಕವರು ಇಟ್ಟುಕೊಳ್ಳಬೇಕಂತೆ. ಮಕ್ಕಳು ಮೊಮ್ಮಕ್ಕಳಿಗೆ ತೋರಿಸುತ್ತಾರಂತೆ. ನಮಗೆ ಏನು ಗೊತ್ತು? ಕ್ರಿಕೆಟ್ಟಿನಲ್ಲಿ ಚೆಂಡು ವಾಪಸು ಕೊಡದಿದ್ದರೆ ಆಟವೇ ನಿಲ್ಲುತ್ತದೆ. ಜನ ಹೋ ಎಂದು ಮೂದಲಿಸಿದರು. ಭಾವ ಅದನ್ನು ಶಹಬ್ಬಾಸ್ ಎಂದುಕೊಂಡು ಕೈ ಬೀಸಿದರು.

ನಾನು ಒಡೆದ ಕುರ್ಚಿಯಿಂದ ಕಣ್ಣು ತೆಗೆದಿರಲಿಲ್ಲ. ಅಕ್ಕ ಉಳ್ಳಾಗಡ್ಡಿಯ ಡಬ್ಬಿ ಹಿಡಿದುಕೊಂಡು, ‘ಏನಾತು?’ ಎಂದಳು.

ಇದು ನಡೆದದ್ದು. ಅಕ್ಕ ಹೇಳುವುದೇ ಬೇರೆ.

ಹಬ್ಬಕ್ಕೆ, ನಾಮಕರಣಕ್ಕೆ, ಬೆಂಗಳೂರಿನ ಐಟಿ ಜನ ಸೇರಿದ ಯಾವುದೇ ಊಟಕ್ಕೆ ಹೋದರೂ ಯಾರಾದರೂ ಆ ಕಥೆ ಕೇಳಿಯೇ ಕೇಳುತ್ತಾರೆ. ಆಗ ಅಕ್ಕನ ಮಾತು ಧಾರವಾಡ ಬಿಟ್ಟು ಬೆಂಗಳೂರಿಗೆ ಹೋಗುತ್ತದೆ. “ನಾನು ಹಿಂಗೆ ಕೂತಿದ್ದೀನಿ ನೋಡಿ, ಬಾಲ್ ಸೀದಾ ಮುಖಕ್ಕೇ ಬಂತು. ಮೊದ್ಲು ನೋಡಿದ್ದು ನನ್ನ ಮೈದುನ. ವೈನೀ ಅಂತ ಕೂಗಿ ಕೈ ಅಡ್ಡ ಹಿಡಿದ. ಅಷ್ಟರಲ್ಲಿ ನಮ್ಮನೆಯವರು ಒಂದೇ ಕೈಲಿ ಕ್ಯಾಚ್ ಹಿಡಿದ್ರು. ಬರಿಗೈ.” ಕೇಳುವವರು ಭಾವನ ಅಂಗೈ ನೋಡುತ್ತಾರೆ. ಭಾವ ಆ ಹೊತ್ತಿಗೆ ಯಾವಾಗಲೂ ಇನ್ನೊಂದು ಕೋಣೆಯಲ್ಲಿ ಇರುತ್ತಾರೆ, ಇಲ್ಲವೇ ಕಿವಿ ಕೇಳದವರ ಹಾಗೆ ಮೊಸರನ್ನ ಕಲಸುತ್ತಾರೆ.

ಆ ಕಥೆಯಲ್ಲಿ ನಾನು ಇಲ್ಲ. ಅಕ್ಕ ಮತ್ತು ಮೈದುನನ ನಡುವಿನ ಕುರ್ಚಿಯಲ್ಲಿ ಯಾರು ಕೂತಿದ್ದರು ಎಂದು ಯಾರೂ ಕೇಳಿಲ್ಲ. ಹೆದರಿದ್ದು ನಾನು, ಈಗಲೂ ಹೆದರುವುದು ನಾನು, ‘ಅಯ್ಯೋ ಪಾಪ’ ಎನಿಸಿಕೊಳ್ಳುವುದು ಅಕ್ಕ. ಹೋಗಲಿ, ಅದನ್ನು ಬಿಟ್ಟುಕೊಡುತ್ತಿದ್ದೆ. ಕ್ಯಾಚಿನ ಸುಳ್ಳನ್ನೂ ಬಿಟ್ಟುಕೊಡುತ್ತಿದ್ದೆ. ಆದರೆ ‘ಕೈ ಅಡ್ಡ ಹಿಡಿದ’ ಎನ್ನುವಾಗ ಅವಳ ಮುಖದಲ್ಲಿ ಒಂದು ಕಳೆ ಬರುತ್ತದೆ. ಅದಕ್ಕೇ ನನ್ನ ಹೊಟ್ಟೆ ಉರಿಯುವುದು. ಏಕೆಂದರೆ ಕಥೆಯಲ್ಲಿ ನಿಜವಾದ ಭಾಗ ಅದೊಂದೇ ಎಂದು ನಾನು ನಂಬಿದ್ದೆ.

ಗಂಡನನ್ನು ಕೇಳಿದ್ದೇನೆ, ಒಂದೇ ಸಲ. ಪಾತ್ರೆ ಒರೆಸುತ್ತಿದ್ದರು.

“ಆವತ್ತ ನೀವು ಯಾರನ್ನ ಹಿಡೀಲಿಕ್ಕೆ ಹೋಗಿದ್ರಿ?”

“ಯಾವತ್ತ?”

“ಬೇಸ್‌ಬಾಲ್ ದಿವಸ.”

“ಹಿಡೀಲಿಕ್ಕೆ ಏನು, ಅದೇನ್ ವಿಚಾರ ಮಾಡಿ ಮಾಡೋದಾ? ಕೈ ಹೋತು ಅಷ್ಟ.”

ವಿಚಾರ ಮಾಡದೆ ಹೋದ ಕೈ ಎನ್ನುವುದೇ ನನ್ನ ಸಂಕಟ ಎಂದು ಅವರಿಗೆ ಹೇಗೆ ಹೇಳಲಿ? ವಿಚಾರ ಮಾಡಿದ್ದರೆ ಖಂಡಿತ ನನ್ನನ್ನೇ ಹಿಡಿಯುತ್ತಿದ್ದರು, ಅಷ್ಟು ಒಳ್ಳೆಯವರು.

ಈ ವರ್ಷ ಭಾವನಿಗೆ ಎಪ್ಪತ್ತು ತುಂಬುವುದಿತ್ತು. ಅದಕ್ಕೆ ಕೆಲವು ವಾರ ಮೊದಲು ಅಕ್ಕನ ಮಗಳು ಫೋನ್ ಮಾಡಿ ನನ್ನನ್ನು ಸ್ಟ್ರಾಟ್‌ಫರ್ಡಿಗೆ ಕರೆದಳು. ಅವಳ ಆಫೀಸು ಇರುವುದು ಅಲ್ಲೇ. ಶಾಪಿಂಗ್ ಸೆಂಟರಿನ ಮೇಲಿನ ಮಹಡಿಯಲ್ಲಿ ಕಾಫಿ ಕೊಡಿಸಿದಳು. ಅವಳಿಗೆ ಕನ್ನಡ ಪೂರ್ತಿ ತಿಳಿಯುತ್ತದೆ, ಉತ್ತರ ಮಾತ್ರ ಅರ್ಧ ಇಂಗ್ಲಿಷಿನಲ್ಲಿ. ಚಿಕ್ಕಮ್ಮನಾದ ನಾನು ಅವಳಿಗೆ ಕಾಕು.

“ಕಾಕು, ಮಮ್ಮಿಗೆ ಡೋಂಟ್ ಟೆಲ್. ಇಟ್ಸ್ ಎ ಸರ್‌ಪ್ರೈಸ್.”

ಅವಳ ಆಫೀಸಿನ ಅಮೆರಿಕದವನೊಬ್ಬನಿಗೆ ಹಳೆಯ ಬೇಸ್‌ಬಾಲ್ ಆಟಗಳ ಹುಚ್ಚಂತೆ. ಇವಳು ಊರು, ವರ್ಷ, ಒಂದೇ ರನ್ನು ಎಂದು ಹೇಳಿದ್ದೇ ತಡ, ಅವನು ಯಾರೋ ಟಿವಿಯಿಂದ ಟೇಪಿಗೆ ಇಳಿಸಿಕೊಂಡಿದ್ದ ಪೂರ್ತಿ ಆಟವನ್ನೇ ಹುಡುಕಿ ತೆಗೆದನಂತೆ. ಕಂದು ಮೈಬಣ್ಣದ ಕುಟುಂಬವೊಂದರ ಪಕ್ಕ ಚೆಂಡು ಬೀಳುವುದು ಅದರಲ್ಲಿ ಇದೆ ಎಂದು ಅವನು ಹೇಳಿದ್ದಾನೆ.

“ನೀ ನೋಡಿದ್ಯಾ?” ಎಂದೆ.

“ನೋ. ಎಲ್ಲರ ಜೊತೆ. ಡ್ಯಾಡೀಸ್ ಫೇಮಸ್ ಕ್ಯಾಚ್.”

“ಈಗ ತೋರಿಸವಾ. ಸ್ವಲ್ಪೇ.”

“ಕಾಕು, ಪೇಷನ್ಸ್.”

ಆ ವಾರಗಳನ್ನು ಹೇಗೆ ಕಳೆದೆನೋ. ಅಕ್ಕನ ಕ್ಯಾಚಿನ ಸುಳ್ಳು ಎಲ್ಲರ ಎದುರು ಬಯಲಾಗುತ್ತದೆ ಎಂದು ಒಂದು ಕಡೆ ಒಳಗೊಳಗೇ ಹಿಗ್ಗು. ಅದೇ ಪರದೆಯ ಮೇಲೆ, ಅದೇ ಜನರ ಎದುರು, ನನ್ನ ಗಂಡ ನನ್ನನ್ನು ದಾಟಿ ಅವಳನ್ನು ಹಿಡಿಯುವುದು ಕಾಣುತ್ತದೆ ಎಂದು ಇನ್ನೊಂದು ಕಡೆ ಚಳಿ. ಅಕ್ಕನಿಗೆ ಒಂದು ಮಾತು ತಿಳಿಸಬಹುದಿತ್ತು. ಮಗಳನ್ನು ತಡೆಯುವುದು ಅವಳಿಗೆ ಕಷ್ಟವಿರಲಿಲ್ಲ. ನಾನು ತಿಳಿಸಲಿಲ್ಲ. ನೋಡಬೇಕು ಎಂಬ ಆಸೆ ಭಯಕ್ಕಿಂತ ದೊಡ್ಡದಾಗಿತ್ತು.

ಭಾನುವಾರ ಮಧ್ಯಾಹ್ನ ಸ್ಟ್ಯಾನ್ಮೋರಿನ ಮನೆಯ ತುಂಬ ಜನ. ಊಟವಾಯಿತು. ಅಕ್ಕ ಹೊಸ ಇಳಕಲ್ ಸೀರೆ ಉಟ್ಟಿದ್ದಳು, ಮೇಲೆ ಒಂದು ಕಾರ್ಡಿಗನ್. ಮಗಳು ಟಿವಿ ಮುಂದೆ ನಿಂತು ಎಲ್ಲರನ್ನೂ ಸುಮ್ಮನಾಗಿಸಿದಳು. ವಿಷಯ ಕೇಳಿ ಅಕ್ಕ ನಕ್ಕಳು, ಆದರೆ ಕೈ ಸೆರಗಿನ ತುದಿಯನ್ನು ಸುತ್ತತೊಡಗಿತು. “ಹಳೇದೆಲ್ಲ ಈಗ್ಯಾಕೆ, ಕೇಕ್ ಕಟ್ ಮಾಡೋಣ,” ಎಂದಳು. ಯಾರೂ ಕೇಳಲಿಲ್ಲ. ನಾನು ಮುಂದೆ ಹೋಗಿ ಕೆಳಗೆ ಕಾರ್ಪೆಟ್ಟಿನ ಮೇಲೆ ಕೂತೆ, ಪರದೆಗೆ ಆದಷ್ಟು ಹತ್ತಿರ.

ಚಿತ್ರ ಮಸುಕಾಗಿತ್ತು, ಬಣ್ಣ ಕಲಸಿಹೋಗಿತ್ತು. ಆಟಗಾರ ಕೋಲು ಬೀಸಿದ. ಕ್ಯಾಮೆರಾ ಚೆಂಡಿನ ಬೆನ್ನು ಹತ್ತಿ ಜನರ ಕಡೆ ತಿರುಗಿತು. ನನ್ನ ಕಣ್ಣು ಮುಚ್ಚಿಹೋಗುತ್ತಿತ್ತು, ಬಲವಂತದಿಂದ ತೆರೆದೆ. ಚೆಂಡು ಕುರ್ಚಿಗೆ ಬಡಿಯಿತು, ಉರುಳಿತು. ಭಾವ ಬಗ್ಗಿ ಎತ್ತಿಕೊಂಡರು, ಎದ್ದರು, ಎಸೆದರು. ಕಾಮೆಂಟರಿಯವರು ಬಿದ್ದು ಬಿದ್ದು ನಕ್ಕರು. ಎಸೆದ ಮನುಷ್ಯನ ಮೇಲೇ ಕ್ಯಾಮೆರಾ ನಿಂತಿತು. ಅವರು ಕೈ ಬೀಸುತ್ತಿದ್ದರು, ಮೈದಾನದ ಕಡೆಗೆ ಮುಖ ಮಾಡಿ. ಹಿಂದೆ ಅಕ್ಕ. ಅವಳು ಚೀಲದಿಂದ ಮೇಲೆದ್ದು ಒಡೆದ ಕುರ್ಚಿ ನೋಡಿದಳು. ಕೈ ಚಾಚಿ ಗಂಡನ ಅಂಗಿಯ ಚುಂಗು ಹಿಡಿದಳು. ಅವರು ತಿರುಗಲಿಲ್ಲ.

ಅವಳ ಪಕ್ಕ ನಾವು. ನನ್ನ ಗಂಡನ ತೋಳು ನನ್ನ ಕತ್ತಿನ ಕೆಳಗೆ ಅಡ್ಡ ಹಾದಿತ್ತು, ನನಗೆ ನೆನಪಿದ್ದ ಹಾಗೆಯೇ. ಆದರೆ ಅದು ಅಕ್ಕನವರೆಗೆ ಹೋಗಿರಲಿಲ್ಲ. ಆಚೆಯ ಭುಜವನ್ನು, ನನ್ನ ಭುಜವನ್ನು, ಬಿಗಿಯಾಗಿ ಹಿಡಿದುಕೊಂಡು ನಿಂತಿತ್ತು. ಅವರ ಗದ್ದ ನನ್ನ ತಲೆಯ ಮೇಲಿತ್ತು. ನಾನು ಅವರೊಳಗೆ ಮುದುಡಿಕೊಂಡು, ಕಣ್ಣು ಮಾತ್ರ ಹೊರಗೆ ಬಿಟ್ಟು, ಅಕ್ಕನ ಕುರ್ಚಿಯನ್ನು ದಿಟ್ಟಿಸುತ್ತಿದ್ದೆ.

ಅಷ್ಟೇ. ಕ್ಯಾಮೆರಾ ಮತ್ತೆ ಮೈದಾನಕ್ಕೆ ಹೋಯಿತು.

ಕೋಣೆಯಲ್ಲಿ ನಗು ಎದ್ದಿತು. “ಅಂಕಲ್, ವಾಪಸ್ ಎಸೆದ್ಬಿಟ್ರಾ? ಅದನ್ನ ಇವತ್ತು ಮಾರಿದ್ರೆ ಎಷ್ಟಾಗ್ತಿತ್ತು ಗೊತ್ತಾ?” ಎಂದ ಬೆಂಗಳೂರಿನವನೊಬ್ಬ.

ಮಗಳ ಮುಖ ಗೊಂದಲದಲ್ಲಿತ್ತು. “ಬಟ್ ಡ್ಯಾಡಿ, ಕ್ಯಾಚ್?”

“ಯಾವ ಕ್ಯಾಚ್ ಅವ್ವಾ? ನೆಲದ ಮ್ಯಾಲೆ ಬಿದ್ದಿತ್ತು. ಅವರ ಚೆಂಡು ಅವರಿಗೆ ಕೊಟ್ಟೆ,” ಎಂದರು ಭಾವ. ಇಷ್ಟು ವರ್ಷ ಹೆಂಡತಿಯ ಮಾತಿಗೆ ಅಡ್ಡ ಬರದೆ ಇದ್ದವರು, ನೇರವಾಗಿ ಕೇಳಿದಾಗ ಸುಳ್ಳು ಹೇಳಲಾರದೆ ಹೋದರು.

ಎಲ್ಲರೂ ಇನ್ನೊಮ್ಮೆ ಹಾಕು ಎಂದರು. ಎಲ್ಲರಿಗಿಂತ ಜೋರಾಗಿ ನಾನು ಎಂದೆ.

“ಸಾಕು ಬಿಡವಾ,” ಎಂದಳು ಅಕ್ಕ. ಆ ಕಥೆಯ ವಿಷಯದಲ್ಲಿ ಜನರ ನಡುವೆ ಅವಳು ಧಾರವಾಡದ ಮಾತು ಆಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಎದ್ದು ಅಡುಗೆಮನೆಗೆ ಹೋದಳು.

ನಾನು ಎರಡನೆಯ ಸಲವೂ ನೋಡಿಯೇ ಅವಳ ಹಿಂದೆ ಹೋದೆ. ಅಕ್ಕ ತೊಳೆದಿಟ್ಟಿದ್ದ ಗ್ಲಾಸುಗಳನ್ನು ಮತ್ತೆ ತೊಳೆಯುತ್ತಿದ್ದಳು. ನಾನು ಟವೆಲ್ ತೆಗೆದುಕೊಂಡೆ.

“ಅವ ನಿನ್ನ ಹಿಡದಿದ್ದ,” ಎಂದಳು, ನನ್ನ ಕಡೆ ನೋಡದೆ.

“ಹೌದ್ರಿ.”

“ನಾ ಬಗ್ಗಿದ್ದೆ ನೋಡು. ಏಳೂವಾಗ ಅಂಗಿ ತೋಳಷ್ಟ ಕಂಡಿತ್ತು. ನನ್ನ ಕಡೆನೇ ಬರ್ಲಿಕ್ಕತ್ತಿತ್ತು ಅಂತ ತಿಳಕೊಂಡೆ. ವೈನೀ ಅಂತ ಕೂಗಿದ್ದ ಬ್ಯಾರೆ.”

“ನಾನೂ ಹಂಗ ತಿಳದಿದ್ದೆ ಅಕ್ಕಾ. ಇವತ್ತಿನ ತನಕ.”

ಅವಳು ನಲ್ಲಿ ನಿಲ್ಲಿಸಿದಳು. “ನೀನೂ? ಅಂದ್ರ ಇಷ್ಟ ವರ್ಷ ನನ್ನ ಮ್ಯಾಲೆ ಸಿಟ್ಟಿತ್ತೇನು?”

“ಸಿಟ್ಟಲ್ಲ.”

“ಮತ್ತ?”

ನಾನು ಗ್ಲಾಸು ಒರೆಸಿದೆ. ಅವಳೇ ಹೇಳಿದಳು. “ಹೊಟ್ಟಿಕಿಚ್ಚು. ಹೇಳು, ನಾಚಿಕಿ ಏನು? ನನಗೂ ಈಗ ಅದ ಆಗ್ಲಿಕ್ಕತ್ತೇದ. ಹತ್ತು ನಿಮಿಷ ಆತು.”

ನಗುವ ಹಾಗಿತ್ತು ಮಾತು, ಆದರೆ ಅವಳು ನಗಲಿಲ್ಲ. “ನನ್ನ ಗಂಡ ತಿರುಗಿ ನೋಡ್ಲಿಲ್ಲ. ಆವಾಗೂ ಗೊತ್ತಿತ್ತು ನನಗ. ಅದಕ್ಕ ಕ್ಯಾಚ್ ಹಿಡಿಸಿದೆ ಅವರ ಕಡಿಂದ. ಅವನ ಕೈಯಷ್ಟಾದ್ರೂ ಖರೇ ಇತ್ತಲ್ಲ ಅಂತಿದ್ದೆ. ಅದೂ ನಿಂದಾತು.”

‘ಕೂಗಿದ್ದು ನಿಮ್ಮನ್ನೇ’ ಎನ್ನಬಹುದಿತ್ತು. ಅದು ನಿಜವೂ ಹೌದು. ಟೇಪಿನಲ್ಲಿ ಆ ಕೂಗು ಇಲ್ಲ, ಜನರ ಗದ್ದಲದಲ್ಲಿ ಮುಳುಗಿದೆ, ಅದನ್ನು ಕೇಳಿದವರು ನಾವಿಬ್ಬರೇ. ಅಷ್ಟನ್ನು ಅವಳ ಕೈಗೆ ಕೊಡಲು ನನಗೆ ಮನಸ್ಸಾಗಲಿಲ್ಲ. ಮುಂದಿನ ಕೋಣೆಯಿಂದ ಚಹಾ ಎಲ್ಲಿ ಎಂದು ಯಾರೋ ಕೇಳಿದರು. ಅಕ್ಕ ಟ್ರೇ ಹಿಡಿದು ಹೋದಳು.

ಹೊರಡುವಾಗ ಮಗಳ ಹತ್ತಿರ ಆ ತುಣುಕನ್ನು ನನ್ನ ಫೋನಿಗೆ ಹಾಕಿಸಿಕೊಂಡೆ. ಸ್ಟೇಷನ್ನಿನವರೆಗೆ ನಡೆಯುವಾಗ ಗಂಡನನ್ನು ಕೇಳಿದೆ, “ನೋಡಿದ್ರಿಲ್ಲೋ?”

“ಹೂಂ. ಅಣ್ಣನ ಆರ್ಮ್ ನೋಡು, ಏನ್ ಥ್ರೋ ಅದು.”

“ನಿಮ್ಮನ್ನ ನೋಡಿದ್ರೋ ಇಲ್ಲೋ?”

“ನಾನೂ ಇದ್ದೆ ಏನು ಅದರಾಗ? ನಾ ಅಣ್ಣನ್ನ ನೋಡ್ಲಿಕ್ಕತ್ತಿದ್ದೆ.”

ಸ್ಟ್ಯಾನ್ಮೋರ್ ಕೊನೆಯ ನಿಲ್ದಾಣ. ರೈಲು ಬಾಗಿಲು ತೆರೆದುಕೊಂಡು ಸುಮ್ಮನೆ ನಿಂತಿತ್ತು, ಡಬ್ಬಿಯಲ್ಲಿ ನಾವಿಬ್ಬರೇ. ಅವರು ಕೂತು, ಕೋಟಿನ ಗುಂಡಿ ಬಿಚ್ಚಿದರು.

“ವೈನಿ ಯಾಕೋ ಮಂಕಾಗಿದ್ರಲ್ಲ. ಒಂದು ಫೋನ್ ಹಚ್ಚಲೇನು?”

ಫೋನಿನಲ್ಲಿ ನನ್ನ ಭುಜವನ್ನು ಹಿಡಿದ ಕೈ ಇತ್ತು, ಬೇಕೆಂದಾಗಲೆಲ್ಲ ನೋಡಬಹುದಿತ್ತು. ಅಷ್ಟು ಸಿಕ್ಕಿದವಳು ಇಷ್ಟಕ್ಕೆ ಸುಮ್ಮನಿರಬೇಕು.

“ಹಚ್ರಿ,” ಎಂದೆ. ಅವರ ಪಕ್ಕದಿಂದ ಎದ್ದು ಎದುರಿನ ಸೀಟಿಗೆ ಹೋದೆ, ಮಾತಾಡುವಾಗ ಅವರ ಮುಖ ಕಾಣಲಿ ಎಂದು.